ಇಪ್ಪತ್ನಾಲ್ಕು ನಿಮಿಷದ ನೆನಪು

ನಮ್ಮ ದ್ವೀಪದೇಶದ ರಾಜಧಾನಿ ಸುವಾದ ಬಂದರಿನ ಹಿಂದಿನ ಬೀದಿಯಲ್ಲಿ, ಮೀನಿಗೆ ಹಾಕುವ ಐಸ್ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿಯಿತ್ತು. ಚಿಕ್ಕ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವವರು ಹೊರಡುವ ಮುಂಚೆ ತಮ್ಮ ಪಯಣವನ್ನು ಬರೆದಿಡುವ ವೆಬ್‌ಸೈಟನ್ನು ನಾವು ನಡೆಸುತ್ತಿದ್ದೆವು. ದೋಣಿಯ ಹೆಸರೇನು, ಎಷ್ಟು ಜನ, ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಅದು ಕೇಳುತ್ತಿತ್ತು. ತಲುಪಿದವರು ತಲುಪಿದೆವೆಂದು ತಿಳಿಸಬೇಕು. ತಿಳಿಸದಿದ್ದರೆ ಕಡಲ ಶೋಧ ಕೇಂದ್ರಕ್ಕೆ ತಾನಾಗಿಯೇ ಸುದ್ದಿ ಹೋಗುತ್ತಿತ್ತು.

ಇಡೀ ಕಚೇರಿಗೆ ನಾವು ಐದು ಜನ. ಸರ್ವರ್ ನೋಡಿಕೊಳ್ಳುತ್ತಿದ್ದವರು ಇಬ್ಬರು, ಅಲುಮಿತಾ ಮತ್ತು ನಾನು. ನಾನು ಸತೇಂದ್ರ ನಾಯ್ಕರ್. ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿಸಿ ತಂದವರ ನಾಲ್ಕನೆಯ ತಲೆಮಾರು. ಅಲುಮಿತಾಗೆ ಆಗ ಐವತ್ತಾರು ವರ್ಷ. ಹೊರದ್ವೀಪದ ಹೆಂಗಸು, ದೊಡ್ಡ ಮೈಕಟ್ಟು, ಕಿವಿಯ ಮೇಲೆ ಸದಾ ಒಂದು ಹೂವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಸಿಕ್ಕಿಸುವ ಕೆಲಸದಿಂದ ಶುರುಮಾಡಿ, ಯಾವ ಕಾಲೇಜಿಗೂ ಹೋಗದೆ ಈ ವಿದ್ಯೆಯನ್ನೆಲ್ಲ ಕಲಿತವಳು. ಅವಳನ್ನು ನಾನು ಅತ್ತೆ ಎಂದೇ ಕರೆಯುತ್ತಿದ್ದೆ.

ನಮ್ಮ ಮುಖ್ಯಸ್ಥ ಕಿತಿಯೋನೆ ಅವಳ ಸೋದರಮಾವನ ಮಗ. ಅಲ್ಲಿಯ ರೂಢಿಯಲ್ಲಿ ಇಂಥ ನಂಟಿನವರು ಸಾಯುವವರೆಗೂ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಲೇ ಇರಬೇಕು, ಬೇಜಾರು ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಆ ಕಚೇರಿಯಲ್ಲಿ ಯಜಮಾನನಿಗೆ ಸಿಗುತ್ತಿದ್ದಷ್ಟು ಬೈಗುಳ ಕೆಳಗಿನ ಐಸ್ ಅಂಗಡಿಯ ಕೂಲಿಗೂ ಸಿಗುತ್ತಿರಲಿಲ್ಲ.

ಅದೊಂದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ವೆಬ್‌ಸೈಟ್ ನಿಂತುಹೋಗಿತ್ತು. ಯಾವ ಪುಟ ತೆರೆದರೂ ಬಿಳಿ ಹಾಳೆ. ಟೆಲಿಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. ಒಳಗೆ ಹೋಗಿ ನೋಡಿದರೆ ಸರ್ವರ್ ಒಂದೇ ಮಾತು ಹೇಳುತ್ತಿತ್ತು, ಜಾಗವಿಲ್ಲ ಎಂದು. ಡಿಸ್ಕ್ ಅಳೆದೆ. ಮುಕ್ಕಾಲು ಪಾಲು ಖಾಲಿ ಇತ್ತು. ಇನ್ನೊಮ್ಮೆ ಅಳೆದೆ. ಅಷ್ಟೇ. ಖಾಲಿ ಮನೆಯ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲು ಜಾಗವಿಲ್ಲ ಎಂದು ಯಾರೋ ಹೇಳಿದ ಹಾಗಾಯಿತು.

ಅಷ್ಟರಲ್ಲಿ ಅಲುಮಿತಾ ಬಂದಳು. ಚೀಲ ಕೆಳಗಿಟ್ಟು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಡಿಸ್ಕಿನಲ್ಲಿ ಜಾಗ ಎಷ್ಟಿದೆ ಅಂತ ಕೇಳಬೇಡ, ಫೈಲು ಎಷ್ಟಿವೆ ಅಂತ ಕೇಳು ಎಂದಳು. ಡಿಸ್ಕಿಗೆ ಎರಡು ಮಿತಿಗಳಿರುತ್ತವೆ. ಎಷ್ಟು ತುಂಬಬಹುದು ಎಂಬುದೊಂದು, ಎಷ್ಟು ಫೈಲುಗಳನ್ನು ಲೆಕ್ಕದಲ್ಲಿಟ್ಟುಕೊಳ್ಳಬಹುದು ಎಂಬುದು ಇನ್ನೊಂದು. ಎರಡನೆಯದು ಮುಗಿದುಹೋಗಿತ್ತು. ಒಂದೇ ಒಂದು ಫೋಲ್ಡರಿನೊಳಗೆ ಇಪ್ಪತ್ತೊಂದು ಲಕ್ಷ ಪುಟ್ಟ ಫೈಲುಗಳು ಕೂತಿದ್ದವು. ಅದನ್ನು ತೆರೆದು ತೋರಿಸು ಎಂದರೆ ಯಂತ್ರ ತಡವರಿಸಿ ಸುಮ್ಮನಾಗುತ್ತಿತ್ತು.

ಅವು ಸೆಷನ್ ಫೈಲುಗಳು. ನಮ್ಮ ವೆಬ್‌ಸೈಟಿಗೆ ಯಾರು ಬಂದರೂ ಸರ್ವರ್ ಅವರಿಗಾಗಿ ಒಂದು ಪುಟ್ಟ ಫೈಲು ತೆರೆಯುತ್ತದೆ. ಬರೀ ಉಬ್ಬರವಿಳಿತದ ವೇಳೆ ನೋಡಿ ಹೋದವರಿಗೂ ಒಂದು. ಪಯಣ ಬರೆದಿಡುವ ಅರ್ಜಿಗೆ ಐದು ಪುಟ. ಪುಟ ತುಂಬಿ ‘ಮುಂದೆ’ ಒತ್ತಿದಂತೆಲ್ಲ ಅವರು ಬರೆದದ್ದು ಆ ಫೈಲಿನಲ್ಲಿ ಕೂರುತ್ತದೆ. ಕೊನೆಯ ಪುಟದಲ್ಲಿ ‘ಸಲ್ಲಿಸಿ’ ಒತ್ತಿದಾಗ ಮಾತ್ರ ಎಲ್ಲವೂ ಒಟ್ಟಿಗೆ ದಾಖಲೆಗೆ ಸೇರುತ್ತದೆ. ಅಲ್ಲಿಯವರೆಗೆ ಆ ಮಾತು ಹೇಳಿದ್ದೂ ಅಲ್ಲ, ಹೇಳದ್ದೂ ಅಲ್ಲ. ಇಪ್ಪತ್ನಾಲ್ಕು ನಿಮಿಷ ಯಾರೂ ಮುಟ್ಟದೆ ಬಿಟ್ಟ ಫೈಲನ್ನು ಗುಡಿಸಿ ಹಾಕಲು ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ಅದು ಅರ್ಧ ಗಂಟೆಗೊಮ್ಮೆ ಬಂದು ಗುಡಿಸಿ ಹೋಗುತ್ತದೆ. ಸರ್ವರ್ ಯಾರನ್ನೂ ಅದಕ್ಕಿಂತ ಹೆಚ್ಚು ಹೊತ್ತು ನೆನಪಿಟ್ಟುಕೊಳ್ಳುವುದಿಲ್ಲ.

ಏಳು ತಿಂಗಳ ಹಿಂದೆ ಈ ಫೋಲ್ಡರನ್ನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಬದಲಿಸಿದ್ದವನು ನಾನೇ. ಗುಡಿಸುವ ಪ್ರೋಗ್ರಾಮಿಗೆ ಹೊಸ ವಿಳಾಸ ಕೊಡುವುದನ್ನು ಮರೆತಿದ್ದೆ. ಏಳು ತಿಂಗಳು, ಅರ್ಧ ಗಂಟೆಗೊಮ್ಮೆ ತಪ್ಪದೆ, ಅದು ಹಳೆಯ ಖಾಲಿ ಫೋಲ್ಡರಿಗೆ ಹೋಗಿ, ಇಲ್ಲದ ಕಸ ಗುಡಿಸಿ, ಕೆಲಸ ಮುಗಿಯಿತೆಂದು ಬರೆದಿಟ್ಟು ಬಂದಿತ್ತು. ಆ ಬರಹಗಳನ್ನು ತೆಗೆದು ನೋಡಿದಾಗ ನನ್ನ ಮುಖ ಬಿಸಿಯಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಸಾಲು, ಒಂದೊಂದರಲ್ಲೂ ‘ಸರಿ’ ಎಂದಿತ್ತು.

ಅಲುಮಿತಾ ಬೈಯಲಿಲ್ಲ. ಅವಳು ಬೇರೆಯದನ್ನೇ ನೋಡುತ್ತಿದ್ದಳು. ಇಪ್ಪತ್ತೊಂದು ಲಕ್ಷ ಎಂದು ಮೆಲ್ಲಗೆ ಹೇಳಿಕೊಂಡಳು. ಇಡೀ ದೇಶದಲ್ಲಿ ಇರುವವರೇ ಒಂಬತ್ತು ಲಕ್ಷ ಜನ. ಎಲ್ಲರೂ ಎರಡೆರಡು ಸಲ ಬಂದು ಹೋದರೂ ಇಷ್ಟಾಗುವುದಿಲ್ಲ ಎಂದಳು. ಆ ಸಂಖ್ಯೆಯನ್ನು ನಾನು ಆವರೆಗೆ ಕಸದ ಅಳತೆಯೆಂದೇ ನೋಡಿದ್ದೆ. ಅವಳು ಹೇಳಿದ ಮೇಲೆ ಒಂದು ಕ್ಷಣ ಅದು ಬೇರೆಯಾಗಿ ಕಂಡಿತು. ದಡದಲ್ಲಿ, ಜಗಲಿಯಲ್ಲಿ, ದೋಣಿಯ ತುದಿಯಲ್ಲಿ ಕೂತು ಬೆರಳಿನಿಂದ ಏನನ್ನೋ ಒತ್ತಿದ ಜನ. ಒತ್ತಿದ್ದೆಲ್ಲ ಹಾಗೇ ಉಳಿದಿತ್ತು.

ಕಿತಿಯೋನೆ ಒಳಗೆ ಬಂದವನೇ, ಎಲ್ಲಾ ಅಳಿಸಿ ವೆಬ್‌ಸೈಟ್ ಎತ್ತಿ ನಿಲ್ಲಿಸಿ ಎಂದ. ಪೂರ್ವದ ಕಡೆ ಗಾಳಿ ಎದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಜನ ನೋಂದಣಿಗೆ ಮುಗಿಬೀಳುತ್ತಾರೆ ಎಂಬುದು ಅವನ ಆತಂಕ. ನನಗೂ ಅದೇ ಸರಿಯೆನಿಸಿತು. ಅಳಿಸುವ ಆದೇಶ ಬರೆದೂ ಆಗಿತ್ತು. ಅಲುಮಿತಾ ನನ್ನ ಕೈಯನ್ನು ಹಿಡಿದು ಕೀಬೋರ್ಡಿನಿಂದ ಪಕ್ಕಕ್ಕಿಟ್ಟಳು.

"ಎರಡು ದಿನಕ್ಕಿಂತ ಹಳೇದು ಮಾತ್ರ ಅಳಿಸು. ನಿನ್ನೆ ಇವತ್ತಿಂದು ಮುಟ್ಬೇಡ," ಎಂದಳು.

"ನಿಯಮ ಇರೋದು ಇಪ್ಪತ್ನಾಲ್ಕು ನಿಮಿಷ. ನೀನೇ ತಾನೇ ನಂಗೆ ಪಾಠ ಹೇಳಿದ್ದು?" ಎಂದ ಕಿತಿಯೋನೆ.

"ಅದು ಮೇಜಿನ ಮುಂದೆ ಕೂತ್ಕೊಂಡು ಅರ್ಜಿ ತುಂಬೋರಿಗೆ ಮಾಡಿದ ನಿಯಮ ಕಣೋ ಭಾವ. ನಮ್ಮೂರಲ್ಲಿ ಸಿಗ್ನಲ್ ಬೇಕು ಅಂದ್ರೆ ಗುಡ್ಡ ಹತ್ತಬೇಕು. ಒಂದು ಪುಟ ತುಂಬಿ, ಲೈಫ್ ಜಾಕೆಟ್ ಎಷ್ಟಿದೆ ಅಂತ ಎಣಿಸೋಕೆ ಕೆಳಗೆ ಇಳಿದು, ಮತ್ತೆ ಹತ್ತಬೇಕು. ನಿನ್ ಹೊಟ್ಟೆ ಹೊತ್ಕೊಂಡು ಇಪ್ಪತ್ನಾಲ್ಕು ನಿಮಿಷದಲ್ಲಿ ಆ ಗುಡ್ಡ ಹತ್ತಿ ಇಳಿದು ತೋರ್ಸು, ಆಮೇಲೆ ನಾನೇ ಎಲ್ಲಾ ಅಳಿಸ್ತೀನಿ."

ಕಿತಿಯೋನೆ ನಕ್ಕ. ತಮ್ಮೂರಿನ ಗಂಡಸರು ಓಡಿ ಹತ್ತುತ್ತಾರೆ, ನಿಮ್ಮೂರಿನವರಿಗೆ ನಡುವೆ ಎರಡು ಸಲ ಊಟ ಬೇಕು ಎಂದೇನೋ ಹೇಳಿದ. ಆದರೆ ಮಾತಿಗೆ ಎದುರಾಡಲಿಲ್ಲ. ಎರಡು ದಿನದ ಫೈಲುಗಳನ್ನು ಉಳಿಸಿದರೂ ಇಪ್ಪತ್ತು ಲಕ್ಷದಷ್ಟು ಹೋಗುತ್ತಿದ್ದವು, ಅಷ್ಟು ಸಾಕಿತ್ತು. ಹಾಗೆಯೇ ಆದೇಶ ತಿದ್ದಿದೆ. ಸಂಖ್ಯೆ ನಿಧಾನವಾಗಿ ಇಳಿಯತೊಡಗಿತು. ಒಂಬತ್ತೂವರೆಗೆ ವೆಬ್‌ಸೈಟ್ ಎದ್ದು ನಿಂತಿತು. ಗುಡಿಸುವ ಪ್ರೋಗ್ರಾಮಿಗೆ ಸರಿಯಾದ ವಿಳಾಸ ಕೊಡಲು ಹೋದೆ. ಅದಕ್ಕೂ ಅವಳು, ಇವತ್ತು ಬೇಡ, ನಾಳೆ ಕೊಡೋಣ ಎಂದಳು. ಕೊಟ್ಟಿದ್ದರೆ ಅದು ಅರ್ಧ ಗಂಟೆಯೊಳಗೆ ಬಂದು ಉಳಿದದ್ದನ್ನೂ ಗುಡಿಸಿಬಿಡುತ್ತಿತ್ತು.

ಹನ್ನೊಂದರ ಸುಮಾರಿಗೆ ನಾವು ರೊಟ್ಟಿ ಪಲ್ಯ ಬಿಚ್ಚಿಕೊಂಡು ಕೂತಿದ್ದಾಗ ಶೋಧ ಕೇಂದ್ರದಿಂದ ಕರೆ ಬಂತು. ಯನುಲೈಲೈ ದ್ವೀಪದಿಂದ ಸೋಮವಾರ ಮಧ್ಯಾಹ್ನ ಹೊರಟ ಒಂದು ಫೈಬರ್ ದೋಣಿ ಕಾಣೆಯಾಗಿದೆ. ಇಸಿಕೇಲಿ ಎಂಬ ಅರವತ್ತು ದಾಟಿದ ನಾವಿಕ, ಜೊತೆಗೆ ಆರು ಹೆಂಗಸರು. ಹೆಣೆದ ಚಾಪೆಗಳನ್ನು ಸುವಾ ಸಂತೆಗೆ ತರುತ್ತಿದ್ದವರು. ಸಂಜೆ ದಡದಲ್ಲಿ ಕಾದ ನಂಟರು ಬೆಳಗಾದ ಮೇಲೆ ಪೊಲೀಸರಿಗೆ ತಿಳಿಸಿದ್ದಾರೆ. ನಿಮ್ಮಲ್ಲಿ ನೋಂದಣಿ ಇದೆಯೇ ಎಂದು ಕೇಳಿದರು.

ದಾಖಲೆಯಲ್ಲಿ ಹುಡುಕಿದೆವು. ಇರಲಿಲ್ಲ. ಇಸಿಕೇಲಿ ಹಿಂದಿನ ಹತ್ತಾರು ಪಯಣಗಳನ್ನು ಒಂದೂ ಬಿಡದೆ ಬರೆಸಿದ್ದ, ಎಲ್ಲದರಲ್ಲೂ ತಲುಪಿದ್ದನ್ನು ತಿಳಿಸಿದ್ದ. ಸೋಮವಾರದ್ದು ಮಾತ್ರ ಇಲ್ಲ. ಇಲ್ಲವೆಂದು ಹೇಳಿದೆ. ಆ ಕಡೆಯ ಅಧಿಕಾರಿ, ಸರಿ, ವಿಮಾನವೂ ಹಡಗೂ ಪಡುವಣ ದಾರಿಯಲ್ಲಿ ಹುಡುಕುತ್ತಿವೆ ಎಂದ. ಯನುಲೈಲೈಯಿಂದ ಸುವಾ ಕಡೆಗೆ ಬರುವ ದಾರಿ ಅದೇ.

ಫೋನ್ ಇಟ್ಟ ಮೇಲೆ ಅಲುಮಿತಾ ರೊಟ್ಟಿಯನ್ನು ಕಾಗದದಲ್ಲಿ ಮತ್ತೆ ಸುತ್ತಿಟ್ಟಳು. ಇಷ್ಟು ಸಲ ತಪ್ಪದೆ ಬರೆಸಿದವನು ಈ ಸಲ ಯಾಕೆ ಬರೆಸಲಿಲ್ಲ ಎಂದು ನನ್ನನ್ನು ಕೇಳಿದಳು. ಉತ್ತರಕ್ಕೆ ಕಾಯದೆ ತಾನೇ ಕುರ್ಚಿ ಎಳೆದುಕೊಂಡು ಕೂತಳು. ಬರೆಸಲು ಹೊರಟಿದ್ದಾನು, ಮುಗಿಸಿರಲಿಕ್ಕಿಲ್ಲ ಎಂದಳು.

ಉಳಿದಿದ್ದ ಸೆಷನ್ ಫೈಲುಗಳು ಇಪ್ಪತ್ತೊಂದು ಸಾವಿರ ಚಿಲ್ಲರೆ. ಅವುಗಳ ಹೆಸರುಗಳಲ್ಲಿ ಯಾವ ಗುರುತೂ ಇರುವುದಿಲ್ಲ, ಬರೀ ಅಕ್ಷರ ಅಂಕಿಗಳ ಗೋಜಲು. ಒಂದೊಂದನ್ನೇ ತೆರೆದು ಓದುತ್ತಾ ಹೋಗೋಣವೇ ಎಂದು ಕೇಳಿದೆ. ಅವಳು ಒಪ್ಪಲಿಲ್ಲ. ಅವು ಯಾರೂ ನಮಗೆ ಕೊಟ್ಟ ಮಾತುಗಳಲ್ಲ, ಓದುವ ಹಕ್ಕು ನಮಗಿಲ್ಲ, ಅವನ ಹೆಸರಿರುವುದನ್ನು ಮಾತ್ರ ಯಂತ್ರವೇ ಹುಡುಕಿ ಕೊಡಲಿ ಎಂದಳು. ಹೆಸರು ಕೊಟ್ಟು ಹುಡುಕಿದೆವು. ಏನೂ ಸಿಗಲಿಲ್ಲ.

ಆದೇಶ ತಿದ್ದುವಾಗ ಎಲ್ಲಾದರೂ ತಪ್ಪಿದೆನೇ, ಅದೂ ಅಳಿಸಿಹೋಯಿತೇ ಎಂದು ಆದೇಶವನ್ನು ತೆಗೆದು ಮತ್ತೆ ಓದಿದೆ. ಅಲುಮಿತಾ ಮಾತ್ರ ಕಣ್ಣು ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಹಳೆಯ ನೋಂದಣಿಗಳಲ್ಲಿ ಅವನು ತನ್ನ ಹೆಸರು ಹೇಗೆ ಬರೆಯುತ್ತಾನೆ ನೋಡು ಎಂದಳು. ನೋಡಿದೆ. ಹೆಸರಿನ ಜಾಗದಲ್ಲಿ ಅವನು ಒಮ್ಮೆಯೂ ಇಸಿಕೇಲಿ ಎಂದು ಬರೆದಿರಲಿಲ್ಲ. ಎಲ್ಲ ಕಡೆಯೂ ‘ವಸೀತಿಯ ಅಪ್ಪ’ ಎಂದಿತ್ತು. ಪೂರ್ತಿ ಹೆಸರು ಕೊನೆಯ ಪುಟದ ಸಹಿಯಲ್ಲಿ ಮಾತ್ರ ಬರುತ್ತಿತ್ತು.

ವಸೀತಿ ಎಂದು ಹುಡುಕಿದಾಗ ಒಂದು ಫೈಲು ಸಿಕ್ಕಿತು.

ಆವರಣ ಚಿಹ್ನೆಗಳ, ಅಂಕಿಗಳ ನಡುವೆ ಒಬ್ಬ ಮುದುಕನ ಮಾತು ತುಂಡುತುಂಡಾಗಿ ಕೂತಿತ್ತು. ದೋಣಿ: ರೋಸಿ ನಿ ವಸಾ. ಜನ: ಏಳು. ಲೈಫ್ ಜಾಕೆಟ್: ನಾಲ್ಕು. ಆರು ಹೆಂಗಸರ ಹೆಸರು. ಎಲ್ಲಿಗೆ ಎಂಬಲ್ಲಿ ಎರಡು ಉತ್ತರಗಳು. ಎರಡು ಗಂಟೆ ಆರು ನಿಮಿಷಕ್ಕೆ ಸುವಾ ಎಂದು ಬರೆದಿದ್ದ. ಎರಡು ಹನ್ನೊಂದಕ್ಕೆ ಹಿಂದಿನ ಪುಟಕ್ಕೆ ಮರಳಿ ವತುಸೋನಿ ಎಂದು ತಿದ್ದಿದ್ದ. ಕಾರಣ: ಸಾವಿನ ಮನೆ. ತಲುಪುವ ಹೊತ್ತು: ಐದೂವರೆ. ತಲುಪದಿದ್ದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಮಗಳು ವಸೀತಿಯ ಹೆಸರು, ಫೋನ್ ನಂಬರು. ವಸೀತಿ ಅದೇ ದೋಣಿಯಲ್ಲಿದ್ದಳು. ನಾಲ್ಕನೆಯ ಪುಟ ಮುಗಿದದ್ದು ಎರಡು ಗಂಟೆ ಹದಿನೇಳು ನಿಮಿಷಕ್ಕೆ. ಅಲ್ಲಿಗೆ ನಿಂತಿತ್ತು.

ವತುಸೋನಿ ಇರುವುದು ಪಡುವಣದಲ್ಲಲ್ಲ, ಯನುಲೈಲೈಗೆ ಈಶಾನ್ಯದಲ್ಲಿ, ತೆರೆದ ಕಡಲಿನ ಕಡೆಗೆ.

ಅಲುಮಿತಾ ತಾನೇ ಫೋನ್ ಮಾಡಿದಳು. ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು, ಸಲ್ಲಿಸದೆ ಬಿಟ್ಟ ಅರ್ಜಿ ನಂಬಿಕೊಂಡು ವಿಮಾನ ತಿರುಗಿಸುವುದು ಹೇಗೆ, ಅವನು ಮನಸ್ಸು ಬದಲಾಯಿಸಿದ್ದರಿಂದಲೇ ಸಲ್ಲಿಸದೆ ಬಿಟ್ಟಿರಬಹುದಲ್ಲ ಎಂದು ಕೇಳಿದ. ಅವನದೂ ತಪ್ಪಲ್ಲ. ಅವನ ಬಳಿ ಇದ್ದದ್ದು ಒಂದೇ ವಿಮಾನ.

"ಮನಸ್ಸು ಬದಲಾಯಿಸಿದ್ದು ಇದರೊಳಗೇ ಇದೆ ಸ್ವಾಮಿ," ಎಂದಳು ಅಲುಮಿತಾ. "ಮೊದಲು ಸುವಾ ಅಂತ ಬರೆದಿದಾರೆ. ಐದು ನಿಮಿಷ ಆದ್ಮೇಲೆ ಹಿಂದಕ್ಕೆ ಬಂದು ಊರಿನ ಹೆಸರು ತಿದ್ದಿದಾರೆ. ಯಾಕೆ ಅಂತಾನೂ ಬರೆದಿದಾರೆ. ಚಾಪೆ ತುಂಬಿದ ದೋಣಿ, ಹೊರಡೋ ಹೊತ್ತಿಗೆ ಸಾವಿನ ಸುದ್ದಿ. ನಮ್ಮ ಹೆಂಗಸರು ಆ ಚಾಪೇನ ಸಂತೆಗೆ ತಗೊಂಡು ಹೋಗ್ತಾರಾ, ಸಾವಿನ ಮನೆಗೆ ಕಾಣಿಕೆಯಾಗಿ ತಗೊಂಡು ಹೋಗ್ತಾರಾ? ನಿಮ್ಮ ತಾಯಿ ಆಗಿದ್ರೆ ಏನ್ ಮಾಡ್ತಿದ್ರು, ನೀವೇ ಹೇಳಿ."

ವತುಸೋನಿಗೆ ರೇಡಿಯೋದಲ್ಲಿ ಕೇಳುತ್ತೇನೆ ಎಂದು ಅಧಿಕಾರಿ ಫೋನ್ ಇಟ್ಟ. ಕಾಲು ಗಂಟೆಯಲ್ಲಿ ತಾನೇ ಕರೆದ. ವತುಸೋನಿಯಲ್ಲಿ ಸೋಮವಾರ ಬೆಳಿಗ್ಗೆ ಒಬ್ಬ ಹಿರಿಯಳು ತೀರಿಕೊಂಡದ್ದು ನಿಜ. ಯನುಲೈಲೈಯ ದೋಣಿ ಬಂದಿಲ್ಲ, ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ವಿಮಾನವನ್ನು ಈಶಾನ್ಯಕ್ಕೆ ಕಳಿಸುತ್ತಿದ್ದೇನೆ, ಹಡಗು ಬೆಳಗಾಗುವುದರೊಳಗೆ ಅಲ್ಲಿರುತ್ತದೆ ಎಂದ.

ಆ ಮಧ್ಯಾಹ್ನ ವಿಮಾನಕ್ಕೆ ಏನೂ ಕಾಣಲಿಲ್ಲ. ಗಾಳಿ ಆಗ್ನೇಯದಿಂದ ಬೀಸುತ್ತಿತ್ತು. ಎಂಜಿನ್ ನಿಂತ ದೋಣಿ ಒಂದು ಹಗಲು ಒಂದು ರಾತ್ರಿಯಲ್ಲಿ ವಾಯವ್ಯಕ್ಕೆ ಎಷ್ಟು ದೂರ ತೇಲಬಹುದೆಂದು ಅವರು ನಕ್ಷೆಯ ಮೇಲೆ ಗೆರೆ ಎಳೆದಿದ್ದರು. ಆ ಗೆರೆ ಶುರುವಾಗುತ್ತಿದ್ದದ್ದು ನಮ್ಮ ಫೈಲಿನಲ್ಲಿದ್ದ ಎರಡು ಗಂಟೆ ಹದಿನೇಳು ನಿಮಿಷದಿಂದ. ಕಿತಿಯೋನೆ ಸಂಜೆ ಮನೆಗೆ ಹೋಗುವಾಗ ಒಂದೂ ತಮಾಷೆಯ ಮಾತಾಡಲಿಲ್ಲ. ಅಲುಮಿತಾ ಅವನನ್ನು ತಡೆದು, ಊಟ ಮಾಡಿ ಮಲಗು ಭಾವ ಎಂದಷ್ಟೇ ಹೇಳಿದಳು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಹಡಗಿನವರು ದೋಣಿಯನ್ನು ಕಂಡರು. ದೋಣಿಗಿಂತ ಮೊದಲು ಕಂಡದ್ದು ಅದರ ಹಾಯಿ. ಫೈಬರ್ ದೋಣಿಗಳಿಗೆ ಹಾಯಿ ಇರುವುದಿಲ್ಲ. ಆರು ಹೆಂಗಸರು ಸೇರಿ ಸಾವಿನ ಮನೆಗೆಂದು ಒಯ್ಯುತ್ತಿದ್ದ ಚಾಪೆಗಳನ್ನು ಮೀನುದಾರದಿಂದ ಅಂಚಿಗೆ ಅಂಚು ಹೊಲಿದು, ಎರಡು ಹುಟ್ಟುಗಳಿಗೆ ಕಟ್ಟಿ ನಿಲ್ಲಿಸಿದ್ದರು. ಅವರ ಮುತ್ತಜ್ಜಿಯರು ಕೇದಗೆಯ ಗರಿಯಲ್ಲಿ ಹಾಯಿ ಹೆಣೆಯುತ್ತಿದ್ದರೆಂದು ಕೇಳಿದ್ದರೇ ಹೊರತು ಕಂಡವರಾರೂ ಇರಲಿಲ್ಲವಂತೆ. ಆ ಹಾಯಿ ಅವರನ್ನು ಗಾಳಿ ಎಳೆಯುತ್ತಿದ್ದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಓರೆಯಾಗಿ ಒಂದು ಹವಳದ ದಿಬ್ಬದತ್ತ ಒಯ್ಯುತ್ತಿತ್ತು. ಏಳು ಜನವೂ ಬದುಕಿದ್ದರು.

ಸುದ್ದಿ ಬಂದಾಗ ಕಿತಿಯೋನೆ ಕುರ್ಚಿಯಿಂದ ಎದ್ದು, ಕೆಳಗಿಳಿದು ಐಸ್ ಅಂಗಡಿಯವರನ್ನೆಲ್ಲ ಮೇಲಕ್ಕೆ ಕರೆದುಕೊಂಡು ಬಂದ. ಅಲುಮಿತಾ ಪರದೆಯ ಮೇಲಿನ ಆ ಫೈಲನ್ನು ನೋಡುತ್ತಾ ಕೂತಿದ್ದಳು. ಅದರ ತೂಕ ಎರಡು ಸಾವಿರ ಅಕ್ಷರವೂ ಇರಲಿಲ್ಲ. ನಾನು ಆ ಪ್ರೋಗ್ರಾಮಿಗೆ ವಿಳಾಸ ಕೊಡುವುದನ್ನು ಮರೆಯದಿದ್ದರೆ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆಲ್ಲ ಅದು ಇರುತ್ತಿರಲಿಲ್ಲ. ಮರೆತ ಮೇಲೂ, ಮಂಗಳವಾರ ನನ್ನ ಕೈಯಲ್ಲಿ ಬಿಟ್ಟಿದ್ದರೆ ಎಂಟೂವರೆಗೆ ಇರುತ್ತಿರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ತಪ್ಪು ನಿನ್ನದು, ಹಟ ನನ್ನದು, ಆದರೆ ಅವೆರಡೂ ಇಲ್ಲಿ ಬಂದು ಸೇರಿದ್ದು ನಮ್ಮಿಬ್ಬರದೂ ಅಲ್ಲ ಎಂದಳು.

ಅಂದೇ ಮಧ್ಯಾಹ್ನ ಅವಳು ಉಳಿದ ಎಲ್ಲಾ ಫೈಲುಗಳನ್ನೂ ಅಳಿಸಿದಳು. ನನಗೆ ಆಶ್ಚರ್ಯವಾಯಿತು. ಇಷ್ಟೆಲ್ಲಾ ಆದ ಮೇಲೂ ಅಳಿಸುವುದೇ ಎಂದು ಕೇಳಿದೆ. ಇಟ್ಟುಕೊಂಡರೆ ನಾಳೆ ಯಾರಾದರೂ ಓದುತ್ತಾರೆ, ಜನ ನಮ್ಮನ್ನು ನಂಬಿ ಬರೆದದ್ದು ಯಾರೋ ಓದಲಿ ಎಂದಲ್ಲ ಎಂದಳು. ಆಮೇಲೆ ಮೂರು ದಿನ ಕೂತು ಅರ್ಜಿಯನ್ನು ಬದಲಾಯಿಸಿದಳು. ಈಗ ಮೊದಲ ಪುಟ ತುಂಬಿದ ಕೂಡಲೇ ಅದು ‘ಅಪೂರ್ಣ’ ಎಂಬ ಗುರುತಿನೊಡನೆ ದಾಖಲೆಗೆ ಸೇರುತ್ತದೆ. ಹಾಗೆ ಸೇರುತ್ತದೆಂದು ತುಂಬುವವರಿಗೂ ಒಂದು ಸಾಲಿನಲ್ಲಿ ಹೇಳುತ್ತದೆ. ನಡುವೆ ನಿಂತುಹೋದ ಅರ್ಜಿ ಒಂದು ಗಂಟೆಯಾದರೂ ಮುಂದುವರಿಯದಿದ್ದರೆ ನಮ್ಮಲ್ಲಿ ಒಬ್ಬರು ಫೋನ್ ಮಾಡಿ ಕೇಳುತ್ತೇವೆ. ಸೆಷನ್ ಫೈಲಿನ ಆಯುಸ್ಸು ಎರಡು ದಿನವಾಯಿತು. ಗುಡಿಸುವ ಪ್ರೋಗ್ರಾಂ ಬರೀ ‘ಸರಿ’ ಎನ್ನುವುದಿಲ್ಲ, ಎಷ್ಟು ಗುಡಿಸಿದೆ ಎಂದು ಎಣಿಸಿ ಹೇಳುತ್ತದೆ.

ಮೂರು ವಾರ ಕಳೆದ ಮೇಲೆ ಯನುಲೈಲೈಯವರು ಕಚೇರಿಗೆ ಬಂದರು. ಇಸಿಕೇಲಿ, ವಸೀತಿ, ಜೊತೆಗೆ ಊರಿನ ಮೂರು ಜನ ಹಿರಿಯರು. ಕೈಯಲ್ಲಿ ಗೌರವಕ್ಕೆಂದು ಕೊಟ್ಟು, ಪಾನೀಯ ಮಾಡಿ ಕುಡಿಯುವ ಯಂಗೋನ ಬೇರಿನ ಕಟ್ಟು, ಹೊಸ ಚಾಪೆ. ಮೇಜುಗಳನ್ನು ಗೋಡೆಗೆ ಸರಿಸಿ ಎಲ್ಲರೂ ನೆಲದ ಮೇಲೆ ಕೂತೆವು. ಬೇರನ್ನು ಮುಂದಿಟ್ಟು ಹಿರಿಯರು ವಿಧಿಯಂತೆ ಮಾತಾಡಿದರು, ಕಿತಿಯೋನೆ ವಿಧಿಯಂತೆ ಸ್ವೀಕರಿಸಿದ. ಬೇರು ಕುಟ್ಟಿ ನೀರಲ್ಲಿ ಕಲಸಿ ತೆಂಗಿನ ಚಿಪ್ಪಿನಲ್ಲಿ ತುಂಬಿ, ಮೊದಲ ಚಿಪ್ಪನ್ನು ಇಸಿಕೇಲಿಗೆ ಕೊಟ್ಟರು. ಸಣಕಲು ಮನುಷ್ಯ. ತುಟಿಯ ಮೇಲಿನ ಬಿಸಿಲ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

ಅವನು ಮೆಲ್ಲಗೆ ಮಾತಾಡುತ್ತಿದ್ದ. ಗುಡ್ಡದ ಮೇಲೆ ಅರ್ಜಿ ತುಂಬುತ್ತಿರುವಾಗಲೇ ಸಾವಿನ ಸುದ್ದಿ ಫೋನಿಗೆ ಬಂತೆಂದೂ, ಜೊತೆಗೆ ಗುಡ್ಡ ಹತ್ತಿದ್ದ ಹೆಂಗಸರು ಕೇಳಿದ ಕೂಡಲೇ ದೋಣಿಯನ್ನು ಅತ್ತ ತಿರುಗಿಸು ಎಂದರೆಂದೂ ಹೇಳಿದ. ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ಎರಡನೆಯ ದಿನ ಕುಡಿಯುವ ನೀರು ಮುಗಿಯಿತು. ಒಬ್ಬಳು ಹೊಲಿಗೆ ಸಾಕು, ಯಾರೂ ಬರುವುದಿಲ್ಲ ಎಂದು ದಾರ ಕೆಳಗಿಟ್ಟಳಂತೆ.

"ನಾನು ಅವಳಿಗೆ ಹೇಳ್ದೆ," ಎಂದ ಇಸಿಕೇಲಿ. "ಹೊಲಿ ತಾಯಿ, ಬರ್ತಾರೆ. ನಾನು ಎಲ್ಲಾ ಬರೆಸಿ ಬಂದಿದೀನಿ. ವತುಸೋನಿ ಅಂತ ಬರೆಸಿದೀನಿ, ಐದೂವರೆ ಅಂತ ಬರೆಸಿದೀನಿ. ಸುವಾದಲ್ಲಿ ಅವರಿಗೆ ಗೊತ್ತು. ಗೊತ್ತಿದ್ದೂ ಸುಮ್ನೆ ಕೂರ್ತಾರಾ? ಅಂತ ಹೇಳ್ದೆ. ಎರಡು ರಾತ್ರಿ ಇದೇ ಮಾತು ಹೇಳ್ತಾ ಬಂದೆ. ಅವರು ಹೊಲೀತಾ ಬಂದ್ರು."

ನಾನು ಅಲುಮಿತಾಳ ಮುಖ ನೋಡಿದೆ. ಕಿತಿಯೋನೆಯೂ ನೋಡಿದ. ಕೊನೆಯ ಗುಂಡಿ ಒತ್ತಿದಾಗ ಸಿಗ್ನಲ್ ಹೋಗಿತ್ತೆಂದು, ಅರ್ಜಿ ನಮ್ಮನ್ನು ತಲುಪಿರಲೇ ಇಲ್ಲವೆಂದು ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟಿದ್ದರೂ ನಡೆಯುತ್ತಿತ್ತು. ಹಿರಿಯರು ಸಂತೋಷದಿಂದ ಕೂತಿದ್ದರು, ಚಿಪ್ಪು ಸುತ್ತು ಹೋಗುತ್ತಿತ್ತು. ಕಿತಿಯೋನೆ ಕಣ್ಣಲ್ಲೇ ಬೇಡ ಎಂದ.

ಅವಳು ಕೂತಲ್ಲಿಂದಲೇ ಸ್ವಲ್ಪ ಮುಂದೆ ಸರಿದು ಎಲ್ಲವನ್ನೂ ಹೇಳಿದಳು. ಅರ್ಜಿ ನಾಲ್ಕನೆಯ ಪುಟದಲ್ಲಿ ನಿಂತಿತ್ತು. ದಾಖಲೆಯಲ್ಲಿ ಅವನ ಹೆಸರಿರಲಿಲ್ಲ. ಸೋಮವಾರದ ಸಂಜೆ ಸುವಾದಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ರಾತ್ರಿಯೂ ಗೊತ್ತಿರಲಿಲ್ಲ. ಅಳಿಸಿಹೋಗಬೇಕಾಗಿದ್ದ ಒಂದು ಫೈಲು ನಮ್ಮ ತಪ್ಪಿನಿಂದ ಅಳಿಸದೆ ಉಳಿದಿತ್ತು, ಮರುದಿನ ಹುಡುಕಿದಾಗ ಸಿಕ್ಕಿತು. ಇಷ್ಟನ್ನು ಅವಳು ಒಂದು ಮಾತನ್ನೂ ಮೆತ್ತಗೆ ಮಾಡದೆ ಹೇಳಿದಳು.

ಇಸಿಕೇಲಿ ಸುತ್ತಿನಲ್ಲಿ ಬಂದ ಚಿಪ್ಪನ್ನು ಕುಡಿಯದೆ ಕೆಳಗಿಟ್ಟ. ವಸೀತಿ ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಆ ಹೊತ್ತಲ್ಲಿ ನನ್ನ ಮಾತು ಯಾರ ಹತ್ರ ಇತ್ತು?" ಎಂದು ಕೇಳಿದ.

"ಯಾರ ಹತ್ರಾನೂ ಇರ್ಲಿಲ್ಲ ಅಣ್ಣ," ಎಂದಳು ಅಲುಮಿತಾ. "ಸುಮ್ನೆ ಇತ್ತು."

ಆ ಜಾಗ ನೋಡಬಹುದೇ ಎಂದು ಅವನು ಕೇಳಿದ. ಅವಳು ಅವನನ್ನು ಒಳಗಿನ ಕೋಣೆಗೆ ಕರೆದೊಯ್ದಳು, ನಾನೂ ಹಿಂದೆ ಹೋದೆ. ನೋಡಲು ಅಲ್ಲೇನಿದೆ. ಒಂದು ಕಬ್ಬಿಣದ ಕಪಾಟು, ಬೀಸುವ ಫ್ಯಾನು, ಮಿನುಗುವ ನಾಲ್ಕು ಹಸಿರು ದೀಪಗಳು. ಅವನು ಅದರ ಮುಂದೆ ನಿಂತು, ಈಗಲೂ ಹೀಗೆ ಎಷ್ಟೋ ಜನರ ಮಾತು ಇದರೊಳಗಿದೆಯೇ ಎಂದ. ಇದೆ ಎಂದಳು. ಈ ಗಳಿಗೆಯಲ್ಲಿ ಸುಮಾರು ಮುನ್ನೂರು ಜನರದ್ದು, ಅರ್ಧ ಹೇಳಿದ್ದು.

"ಅವರಿಗೆಲ್ಲ ಗೊತ್ತಾ, ಇನ್ನೂ ತಲುಪಿಲ್ಲ ಅಂತ?"

ಈಗ ಗೊತ್ತಾಗೋ ಹಾಗೆ ಮಾಡಿದೀವಿ ಎಂದು ಅವಳು ಹೇಳಿದಳು. ಅವನು ಸರಿ ಎಂದು ತಲೆಯಾಡಿಸಿದ. ಹಸಿರು ದೀಪಗಳ ಎದುರು ನಾವು ಮೂವರೂ ನಿಂತೆವು. ಆ ಕೋಣೆಗೆ ನಾನು ಹನ್ನೊಂದು ವರ್ಷ ದಿನಾ ಹೋಗಿ ಬಂದವನು. ಫ್ಯಾನಿಗೆ ಧೂಳು ಕಟ್ಟಿದೆಯೇ ಎಂದು ನೋಡಲು ಬಿಟ್ಟರೆ ಅಲ್ಲಿ ಒಮ್ಮೆಯೂ ಹಾಗೆ ನಿಂತಿರಲಿಲ್ಲ. ಆ ಮುನ್ನೂರು ಜನ ಎಲ್ಲೆಲ್ಲಿದ್ದಾರೋ, ಎಷ್ಟನೆಯ ಪುಟದಲ್ಲಿದ್ದಾರೋ, ಅವರಲ್ಲಿ ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದಾರೋ ಎಂದು ಯೋಚಿಸುತ್ತಾ ದೀಪಗಳನ್ನೇ ನೋಡಿದೆ.

ವಸೀತಿ ಬಾಗಿಲಲ್ಲಿ ಬಂದು, ಅಪ್ಪಾ, ಎಲ್ಲರೂ ಕಾಯ್ತಿದಾರೆ ಎಂದು ಕರೆದಳು. ಇಸಿಕೇಲಿ ಹೊರಡುವ ಮುನ್ನ ಅಲುಮಿತಾಳ ಕೈ ಹಿಡಿದು ಒಂದೇ ಮಾತು ಹೇಳಿದ. ಹೆಂಗಸರಿಗೆ ತಾನು ಸುಳ್ಳು ಹೇಳಿದ್ದಾಯಿತಲ್ಲ, ಊರಿಗೆ ಹೋಗಿ ಅವರಿಗೆ ನಿಜ ಹೇಳಬೇಕು ಎಂದ. ಆಮೇಲೆ ಅವರು ತನ್ನನ್ನು ಎಷ್ಟು ವರ್ಷ ಗೇಲಿ ಮಾಡುತ್ತಾರೋ ಎಂದು ಮೊದಲ ಬಾರಿಗೆ ನಕ್ಕ. ಹೊರಗೆ ಹೋಗಿ ತನ್ನ ಜಾಗದಲ್ಲಿ ಕೂತು, ರೂಢಿಯಂತೆ ಕೈಗಳನ್ನು ಬೋಗುಣಿಯಂತೆ ಮಾಡಿ ಒಮ್ಮೆ ತಟ್ಟಿ, ತನಗೆಂದು ತುಂಬಿಟ್ಟಿದ್ದ ಚಿಪ್ಪನ್ನು ಒಂದೇ ಉಸಿರಿಗೆ ಕುಡಿದ.